ಕೂಸು ರೆಡಿ, ಕುಲಾವಿ ಬಾಕಿ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರಿಗೆ ವೀಸಾ ಗೊತ್ತಿರಲಿಲ್ಲ. ಬೆಂಗಳೂರಿನ ಹೊಸಹಳ್ಳಿಯಲ್ಲಿ ಹೆಂಡತಿ ಉಂಡು ಮಲಗುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಗಂಡ ಬೆಳಗಿನ ಕಾಫಿ ಮುಗಿಸಿ ವಕೀಲರಿಗೆ ಫೋನ್ ಹಚ್ಚಿರುತ್ತಾನೆ. ರಜೆಗೆಂದು ಅಜ್ಜಿಮನೆಗೆ ಬಂದ ಮಗು ಜೂನ್‌ನಲ್ಲಿ ವಿಜಯನಗರದ ಶಾಲೆಗೆ ಸೇರಿಯಾಗಿದೆ. ಮೊಮ್ಮಗ ಅಮೆರಿಕದಲ್ಲಿ ಹುಟ್ಟಿದನೆಂದು ಬೀದಿಗೆಲ್ಲ ಪೇಡ ಹಂಚಿದ್ದ ತಾತ, ಅದೇ ನೀಲಿ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದ್ದಾರೆ.

ಇಂಥ ಮಕ್ಕಳಿಗೆಂದೇ 1980ರಲ್ಲಿ ಹೇಗ್ ಒಪ್ಪಂದ ಬಂತು. ಮಗು ಎಲ್ಲಿ ಬೆಳೆಯುತ್ತಿತ್ತೋ ಮೊದಲು ಅಲ್ಲಿಗೆ ಕಳಿಸಿ, ಯಾರ ಸುಪರ್ದಿ ಎಂಬುದನ್ನು ಅಲ್ಲಿನ ಕೋರ್ಟು ನೋಡಿಕೊಳ್ಳಲಿ, ಆರು ವಾರದಲ್ಲಿ ಮುಗಿಸಿ ಎನ್ನುತ್ತದೆ ಅದು. ನೂರಕ್ಕೂ ಹೆಚ್ಚು ದೇಶಗಳು ಸೇರಿವೆ. ಶ್ರೀಲಂಕಾ ಇದೆ, ಪಾಕಿಸ್ತಾನವೂ ಇದೆ. ನಾವಿಲ್ಲ. ಆರು ವಾರ ಎಂದರೆ ನಮ್ಮ ಕಚೇರಿಗಳಿಗೆ ಚಳಿಜ್ವರ.

ಹಾಗೆಂದು ದೆಹಲಿ ಕೈಕಟ್ಟಿ ಕೂತಿಲ್ಲ. 2009ರಲ್ಲಿ ಕಾನೂನು ಆಯೋಗದ 218ನೇ ವರದಿ ಸೇರಿಕೊಳ್ಳಿ ಎಂದಿತು. 2016ರಲ್ಲಿ 263ನೇ ವರದಿ ಬಂತು, ಕರಡು ಮಸೂದೆಯ ಸಮೇತ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೂ ತನ್ನದೊಂದು ಕರಡು ಬರೆಯಿತು. ಆಮೇಲೆ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ, 2018ರಲ್ಲಿ ಅದರ ವರದಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಕೂಸಿಗೆ ಮೀಸೆ ಚಿಗುರಿದರೂ ಕುಲಾವಿಗೆ ಅಳತೆ ತೆಗೆಯುತ್ತಲೇ ಇರುವ ದರ್ಜಿ ದೆಹಲಿಯಲ್ಲಷ್ಟೇ ಸಿಗುತ್ತಾನೆ.

ಕಾನೂನಿಲ್ಲದ ಮೇಲೆ ತೀರ್ಪೇ ಗತಿ. ಸುಪ್ರೀಂ ಕೋರ್ಟು 1984ರಲ್ಲಿ ಮಗುವನ್ನು ಇಂಗ್ಲೆಂಡಿಗೆ ಕಳಿಸಿತು. 1997ರಲ್ಲಿ ಇನ್ನೊಂದನ್ನು ಇಲ್ಲೇ ಉಳಿಸಿತು. 2009ರಲ್ಲಿ ಅಮೆರಿಕಕ್ಕೆ, 2015ರಲ್ಲಿ ಬ್ರಿಟನ್ನಿಗೆ. 2017ರಲ್ಲಿ, 2015ರ ತೀರ್ಪು ಸರಿಯಲ್ಲ ಎಂದು ಬೇರೊಂದು ಮಗುವನ್ನು ಇಲ್ಲೇ ಉಳಿಸಿತು. 2020ರಲ್ಲಿ ತಾಯಿಯೊಂದಿಗೆ ಬೆಂಗಳೂರಿಗೆ ಬಂದ ಹುಡುಗನೊಬ್ಬನನ್ನು 2022ರ ಜುಲೈನಲ್ಲಿ ಮತ್ತೆ ಅಮೆರಿಕಕ್ಕೆ. ಎಲ್ಲ ತೀರ್ಪಿನಲ್ಲೂ ಮಗುವಿನ ಹಿತದ ಜಪವಿದೆ. ಆ ಹಿತ ಯಾವ ದೇಶದಲ್ಲಿದೆ ಎಂಬುದು ಮಾತ್ರ ಇಸವಿ ನೋಡಿ ಹೇಳಬೇಕು.

ಹೊಸಹಳ್ಳಿಯಲ್ಲಿ ನೇರಳೆ ಮೆಟ್ರೊ ಹತ್ತಿದರೆ ಐದನೇ ನಿಲ್ದಾಣಕ್ಕೆ ಹೈಕೋರ್ಟು. ಅಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋದರೆ ಕೌಟುಂಬಿಕ ನ್ಯಾಯಾಲಯದಲ್ಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಕಾದಿದೆ. ವಿಮಾನವೇ ಇಲ್ಲದ ಕಾಲದ ಕಾಯ್ದೆ, ವಿಮಾನದಲ್ಲಿ ಬಂದ ಮಗುವಿನ ಯೋಗಕ್ಷೇಮ ನೋಡಿಕೊಳ್ಳುತ್ತದೆ.

ತಾಯಂದಿರ ರಕ್ಷಣೆಗಾಗಿ ಹೇಗ್ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎನ್ನುವುದು ಸರ್ಕಾರದ ಸಮಜಾಯಿಷಿ. ಅರ್ಧ ನಿಜ. ಏಟು ತಾಳದೆ ಓಡಿಬಂದವಳನ್ನು ಮತ್ತೆ ಅಲ್ಲಿಗೇ ಅಟ್ಟುವುದು ನ್ಯಾಯವಲ್ಲ. ಗಂಡನ ವೀಸಾದ ಬಾಲ ಹಿಡಿದು ಹೋದವಳಿಗೆ, ಅವನು ಕೈಬಿಟ್ಟರೆ ಅಲ್ಲಿ ನಿಲ್ಲಲು ನೆಲವೂ ಇಲ್ಲ. ಆದರೆ 1984ರ ಪ್ರಕರಣದಲ್ಲಿ ಮಗುವನ್ನು ಎತ್ತಿಕೊಂಡು ಬಂದಿದ್ದವನು ತಂದೆ, ಕೋರ್ಟಿಗೆ ಅಲೆದವಳು ತಾಯಿ! ಇವತ್ತಿಗೂ ಈ ರಕ್ಷಣೆ ಗಂಡು ಹೆಣ್ಣು ನೋಡುವುದಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಮಗುವಿನೊಂದಿಗೆ ಯಾರು ಮೊದಲು ಇಳಿದರೋ ಅವರಿಗೆ ಸಲ್ಲುತ್ತದೆ.

ಸರ್ಕಾರಕ್ಕೇಕೆ ಆತುರ? ಮಗುವಿಗೆ 16 ತುಂಬಿದರೆ ಹೇಗ್ ಒಪ್ಪಂದ ಅನ್ವಯಿಸುವುದೇ ಇಲ್ಲ. ಈ ಬಗ್ಗೆ ಕಾನೂನು ಆಯೋಗದ ಮೊದಲ ವರದಿ ಬಂದ ವರ್ಷ ಹುಟ್ಟಿದ ಕೂಸುಗಳಿಗೆಲ್ಲ ಹದಿನಾರು ತುಂಬಿಯಾಯಿತು. ಅಷ್ಟೂ ಪ್ರಕರಣಗಳು ಒಂದು ಸಹಿಯ ಖರ್ಚೂ ಇಲ್ಲದೆ ಇತ್ಯರ್ಥವಾದಂತೆ.