ಕವರು ಹರಿಯದ ಕೈಪಿಡಿ ಬಾಯಿ ಬಿಟ್ಟಾಗ

ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ವಿಮೆಯ ಝೆರಾಕ್ಸು, ಹಳೆಯ ಟೋಲ್ ಚೀಟಿ, ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ. ಇವೆಲ್ಲದರ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮಲಗಿರುವವರು ಓನರ್ಸ್ ಮ್ಯಾನ್ಯುಯಲ್ ಅರ್ಥಾತ್ ಕಾರಿನ ಕೈಪಿಡಿ. ಎಂಜಿನ್ ಆಯಿಲ್ ಬದಲಿಸಲೆಂದು ಕಾರು ಗ್ಯಾರೇಜಿಗೆ ಬಂದಿತ್ತು. ಯಜಮಾನರು ಟೀ ಕುಡಿಯಲು ಅತ್ತ ಹೋದದ್ದೇ ತಡ, ಇತ್ತ ಮಾತಿಗೆ ಕೂತೆವು.

ನಾವು: ಹೇಗಿದ್ದೀರಿ ಸ್ವಾಮಿ?

ಕೈಪಿಡಿ: ಹೊಸದಾಗಿಯೇ ಇದ್ದೇನೆ. ಯಾರಾದರೂ ಮುಟ್ಟಿದರೆ ತಾನೇ ಹಳತಾಗುವುದು! ಆಯುಧಪೂಜೆಗೆ ಬಾನೆಟ್ಟಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಸ್ಪ್ಯಾನರಿಗೂ ಕುಂಕುಮ ಸಿಕ್ಕಿತು. ಅದಕ್ಕೂ ಮೊದಲು ಸರಸ್ವತಿ ಪೂಜೆಗೆಂದು ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿದ್ದರು. ನಾನೂ ಒಂದು ಪುಸ್ತಕ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ನಾವು: ಇವತ್ತು ಯಾವ ಆಯಿಲ್ ಅಂತ ಯಜಮಾನರು ಯಾರನ್ನು ಕೇಳಿದ್ದಾರೆ?

ಕೈಪಿಡಿ: ಯಾರನ್ನು ಕೇಳಿಲ್ಲ ಅನ್ನಿ. ದುಬೈಯಲ್ಲಿರುವ ಭಾವಮೈದುನ ಫೋನಿನಲ್ಲಿ "20ಡಬ್ಲ್ಯು-50 ಹಾಕ್ಸಿ ಭಾವ, ಗಟ್ಟಿ ಇರತ್ತೆ" ಅಂದ. ಆಫೀಸಿನವರು "ಫುಲ್ ಸಿಂಥೆಟಿಕ್ ಹಾಕ್ಸಿ, ಮುಗೀತು" ಅಂದರು. ಸಿಂಥೆಟಿಕ್ ಅನ್ನುವುದು ಆಯಿಲಿನ ಕುಲ, ದಪ್ಪವಲ್ಲ; ಎಷ್ಟು ದಪ್ಪದ್ದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು, ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಅರೆಗಣ್ಣು ಮುಚ್ಚಿ "ಸತ್ತೋಗಿದೆ ಸಾರ್" ಎಂದು ಮರಣಪತ್ರ ಬರೆದುಕೊಟ್ಟ. ಆ ಬೆರಳುಗಳಿಗೆ ತಿಳಿಯುವುದು ಆಯಿಲು ಜಾರುತ್ತದೆ ಅನ್ನುವುದಷ್ಟೇ. ನಿಜವಾದ ತೀರ್ಮಾನ ಮಾಡುವುದು ಅಗೋ, ಆ ಮೂಲೆಯ ಬ್ಯಾರೆಲ್ಲು. ಅದರಲ್ಲಿರುವುದು 20ಡಬ್ಲ್ಯು-40. ಆಟೋ ಬಂದರೂ ಅದೇ, ಟೆಂಪೋ ಬಂದರೂ ಅದೇ, ಹೋದ ತಿಂಗಳು ಶೋರೂಮಿಂದ ಇಳಿದ ಕಾರು ಬಂದರೂ ಅದೇ.

ನಾವು: ಆದರೆ ಗಟ್ಟಿ ಆಯಿಲ್ ಒಳ್ಳೆಯದೇ ಅಲ್ಲವೇ?

ಕೈಪಿಡಿ: ನಿಮಗೆ ಹಾಲು ಗಟ್ಟಿ ಇರಬೇಕು, ಮೊಸರು ಗಟ್ಟಿ ಇರಬೇಕು, ಅದೇ ಚಾಳಿಯಲ್ಲಿ ಆಯಿಲೂ ಗಟ್ಟಿ ಇರಬೇಕು! ಎಂಜಿನ್ನಿನಲ್ಲಿ ಆಯಿಲ್ ಓಡಾಡುವ ಸಂದುಗಳಿಗೆ ಒಂದು ಅಳತೆ ಇದೆ. ವಾಲ್ವ್ ಯಾವಾಗ ತೆರೆಯಬೇಕೆಂದು ಹೊಂದಿಸುವ ಕೆಲಸವನ್ನೂ ಈಗಿನ ಅನೇಕ ಕಾರುಗಳಲ್ಲಿ ಆಯಿಲಿನ ಒತ್ತಡವೇ ಮಾಡುತ್ತದೆ. ಬೇಕಾದ್ದಕ್ಕಿಂತ ಗಟ್ಟಿಯಾದದ್ದು ಬೆಳಿಗ್ಗೆ ಮೇಲೇರಲು ತಡಮಾಡುತ್ತದೆ, ಮೈಲೇಜನ್ನೂ ತಿನ್ನುತ್ತದೆ.

ನಾವು: ಈ 20ಡಬ್ಲ್ಯು, 5ಡಬ್ಲ್ಯು ಏನು?

ಕೈಪಿಡಿ: ಡಬ್ಲ್ಯು ಅಂದರೆ ಚಳಿಗಾಲ. 20ಡಬ್ಲ್ಯು ಆಯಿಲಿನಲ್ಲಿ ಎಂಜಿನ್ ತಿರುಗೀತೇ ಎಂಬ ಪರೀಕ್ಷೆ ನಡೆಯುವುದು ಮೈನಸ್ 15 ಡಿಗ್ರಿಯಲ್ಲಿ, 5ಡಬ್ಲ್ಯುಗೆ ಮೈನಸ್ 30ರಲ್ಲಿ.

ನಾವು: ಬೆಂಗಳೂರಿಗೆ ಮೈನಸ್ ಯಾವಾಗ ಬಂತು ಸ್ವಾಮಿ!

ಕೈಪಿಡಿ: ಬಂದಿಲ್ಲ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೇ ದಾಖಲೆ. ಅದಕ್ಕೇ ಮೊದಲ ಅಂಕಿ ನಮಗೆ ಸಂಬಂಧವಿಲ್ಲ ಅನ್ನುತ್ತಾರೆ, ಅರ್ಧ ನಿಜ. ಆದರೆ ಎಂಜಿನ್ನಿಗೆ ನಿಮ್ಮ 18 ಡಿಗ್ರಿಯ ಬೆಳಗೂ ಚಳಿಯೇ. ನೀವು "ನೀರು ನೀರು" ಎಂದು ಮೂಗು ಮುರಿಯುವ 0ಡಬ್ಲ್ಯು-20 ಇದೆಯಲ್ಲ, ಅದು ಕೂಡ ಬೆಳಿಗ್ಗೆ ತಣ್ಣಗಿರುವಾಗ, ಕಾದ ಎಂಜಿನ್ನಿನಲ್ಲಿರುವ 20ಡಬ್ಲ್ಯು-50ಗಿಂತ ಎಷ್ಟೋ ಗಟ್ಟಿ. ಯಜಮಾನರ ಭಾವಮೈದುನನಿಗೆ ಇದನ್ನು ಹೇಳಿ ನೋಡಿ, ಫೋನು ಇಟ್ಟುಬಿಡುತ್ತಾನೆ.

ನಾವು: ರಾಯಚೂರಿನವರು ಏನು ಮಾಡಬೇಕು? ಬೇಸಿಗೆಯಲ್ಲಿ ಬೆಂಕಿಯಂಥ ಬಿಸಿಲು.

ಕೈಪಿಡಿ: ಎರಡನೇ ಅಂಕಿ ಅಳೆಯುವುದೇ 100 ಡಿಗ್ರಿಯಲ್ಲಿ. ದಪ್ಪ 9.3 ಸೆಂಟಿಸ್ಟೋಕ್ಸಿನಿಂದ 12.5ರ ಒಳಗೆ ಬಂದರೆ ಮೂವತ್ತು, 12.5 ಮುಟ್ಟಿದರೆ ನಲವತ್ತು, 16.3ರ ತನಕ. ಕಾರಿನಲ್ಲಿ ಥರ್ಮೋಸ್ಟಾಟ್ ಇದೆ. ಮಡಿಕೇರಿಯಾಗಲಿ ರಾಯಚೂರಾಗಲಿ ಕೂಲೆಂಟನ್ನು ಸುಮಾರು 90 ಡಿಗ್ರಿಯಲ್ಲೇ ಹಿಡಿದಿಡಲು ನೋಡುತ್ತದೆ. ಹೊರಗಿನ ಬಿಸಿಲು ನಿಮ್ಮ ನೆತ್ತಿಗೆ ತಾಗಿದಷ್ಟು ಬೇರಿಂಗಿಗೆ ತಾಗುವುದಿಲ್ಲ. ಗಾಳಿಯಿಂದ ತಣ್ಣಗಾಗುವ ಬೈಕಿನ ಕಥೆ ಬೇರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಳಿಯೂ ಇಲ್ಲ, ಓಟವೂ ಇಲ್ಲ, ಆಯಿಲು ಬೇಯುತ್ತದೆ. ಅದಕ್ಕೇ ಕೆಲವು ಬೈಕುಗಳ ಕೈಪಿಡಿಗಳು ಐವತ್ತು ಅಂತ ಬರೆದುಕೊಂಡಿವೆ.

ನಾವು: ಕಾರಿಗೆ ಹಾಕಿ ಉಳಿದದ್ದನ್ನು ಬೈಕಿಗೆ ಸುರಿದರೆ?

ಕೈಪಿಡಿ: ಸುರಿಯಿರಿ, ಕ್ಲಚ್ ಸ್ಲಿಪ್ ಆದಾಗ ಮಾತಾಡೋಣ. ಗೇರ್ ಬೈಕಿನ ಕ್ಲಚ್ಚು ಆಯಿಲಿನಲ್ಲೇ ಮುಳುಗಿರುತ್ತದೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಗೇರಿಲ್ಲದ ಸ್ಕೂಟರಿಗೆ ಎಂಬಿ. ಬಿಎಸ್6 ಡೀಸೆಲ್ ಕಾರಿನವರು ದಪ್ಪದ ಅಂಕಿ ನೋಡಿ ಸುಮ್ಮನಾಗುವಂತಿಲ್ಲ. ಹೆಚ್ಚು ಬೂದಿ ಬಿಡುವ ಆಯಿಲು ಹೊಗೆಕೊಳವೆಯ ಫಿಲ್ಟರನ್ನೇ ಕಟ್ಟಿಸುತ್ತದೆ.

ನಾವು: ಎಲ್ಲ ಸರಿ. ಆದರೆ ನೀವೇನು ಸಾಚಾ? ಒಂದೇ ಎಂಜಿನ್ನಿಗೆ ಒಂದು ದೇಶದ ಕೈಪಿಡಿ ಇಪ್ಪತ್ತು ಅನ್ನುತ್ತದೆ, ಇನ್ನೊಂದು ದೇಶದ್ದು ಮೂವತ್ತು ಅನ್ನುತ್ತದಲ್ಲ?

ಕೈಪಿಡಿ: (ಕವರಿನೊಳಗೆ ತುಸು ಮಿಸುಕಾಡಿ) ಇದು ಬರೆದುಕೊಳ್ಳಬೇಡಿ. ಕಂಪನಿ ಮಾರುವ ಕಾರುಗಳು ಸರಾಸರಿ ಎಷ್ಟು ಇಂಧನ ಕುಡಿಯಬಹುದು ಎಂದು ಸರ್ಕಾರಗಳು ಮಿತಿ ಹಾಕಿವೆ. ತೆಳು ಆಯಿಲಿನಿಂದ ಉಳಿಯುವುದು ಅಷ್ಟಿಷ್ಟೇ ಆದರೂ, ಲಕ್ಷಾಂತರ ಕಾರಿನ ಲೆಕ್ಕದಲ್ಲಿ ಅದು ದೊಡ್ಡದು. ಹಾಗಾಗಿ ನನ್ನಲ್ಲಿ ಮೊದಲು ಅಚ್ಚಾಗುವುದು ಕಂಪನಿಗೆ ಬೇಕಾದ ಅಂಕಿ. ಅನೇಕ ಕೈಪಿಡಿಗಳಲ್ಲಿ ಅದರ ಕೆಳಗೇ ಹೊರಗಿನ ಉಷ್ಣಾಂಶಕ್ಕೆ ತಕ್ಕಂತೆ ಎರಡು ಮೂರು ಗ್ರೇಡುಗಳ ಪಟ್ಟಿಯೂ ಇರುತ್ತದೆ. ಆಯಿಲ್ ಕುಡಿಯುವ ಹಳೆಯ ಎಂಜಿನ್ನಿನವರು ಆ ಪಟ್ಟಿಯೊಳಗೆ ಒಂದು ಮೆಟ್ಟಿಲು ಮೇಲೆ ಹೋಗಲಿ, ನನ್ನ ತಕರಾರಿಲ್ಲ. ಪಟ್ಟಿ ದಾಟಿ ಬ್ಯಾರೆಲ್ಲಿನ ತನಕ ಹೋಗುವುದು ಬೇಡ.

ನಾವು: ಯಜಮಾನರಿಗೆ ಓದುವ ಪುರುಸೊತ್ತಿಲ್ಲವಂತೆ.

ಕೈಪಿಡಿ: ಓದಬೇಕಾಗಿಯೂ ಇಲ್ಲ. ಬಾನೆಟ್ ಎತ್ತಿದರೆ ಆಯಿಲ್ ಸುರಿಯುವ ಬಾಯಿಯ ಮುಚ್ಚಳದ ಮೇಲೇ ಅಂಕಿ ಇದೆ, 5ಡಬ್ಲ್ಯು-30 ಅಂತ.

ನಾವು: ಹಾಗಾದರೆ ಮೆಕ್ಯಾನಿಕ್ ಅದನ್ನು ನೋಡಿಯೇ ಇರಬೇಕಲ್ಲ?

ಕೈಪಿಡಿ: ಅವನು ಮುಚ್ಚಳ ಬಿಚ್ಚಿ ಬ್ಯಾಟರಿಯ ಮೇಲೆ ಇಟ್ಟಿದ್ದಾನೆ ನೋಡಿ. ಆಯಿಲ್ ಅಂಟಿದ ಕಡೆ ಮೇಲೆ, ಅಕ್ಷರ ಇರುವ ಕಡೆ ಕೆಳಗೆ.