ಜೊತೆಗಾರರೆಲ್ಲಿ?

ರೈಲು ಹಳಿಯಿಲ್ಲದ ದುದ್ದ ಹೋಬಳಿಯಿಂದ ಗಾಲಿಕುರ್ಚಿಯಲ್ಲಿ ಹೊರಟು ಮಂಡ್ಯ ನಿಲ್ದಾಣ ಸೇರುವ ಒಂಟಿ ಪ್ರಯಾಣಿಕನ ಮೊದಲ ಸೋಜಿಗವು ಅವನ ಕಿಸೆಯಲ್ಲೇ ಇರುತ್ತದೆ; ಏಕೆಂದರೆ ಅವನಂಥವರಿಗೆ ರೈಲ್ವೆ ಕೊಡುವ ರಿಯಾಯಿತಿ, ಅಂದರೆ ಟಿಕೆಟ್ ದರದಲ್ಲಿನ ಇಳಿಕೆ, ‘ಜೊತೆಗಾರರಿಲ್ಲದೆ ಪ್ರಯಾಣಿಸಲಾರದವರು’ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನು ಆಧರಿಸಿದ್ದು, ಆ ಪತ್ರ ಹಿಡಿದು ಒಬ್ಬನೇ ಬರುವವನು ಸರ್ಕಾರಿ ಮೊಹರನ್ನೇ ಸುಳ್ಳಾಗಿಸುವ, ನಡೆದಾಡುವ, ಕ್ಷಮಿಸಿ, ಉರುಳಾಡುವ ಅಪವಾದವಾಗುತ್ತಾನೆ.

ಅಂಗವಿಕಲರಿಗೆ ಮೀಸಲಾದ ಬೋಗಿ ಸಾಮಾನ್ಯವಾಗಿ ಗಾರ್ಡ್ ಡಬ್ಬಿಗೆ ಅಂಟಿಕೊಂಡು ಗಾಡಿಯ ತುದಿಯಲ್ಲಿರುತ್ತದೆ. ಯಾವ ತುದಿ ಎಂಬುದರಲ್ಲಿ ಪ್ಲಾಟ್‌ಫಾರಂ ಪಂಡಿತರಿಗೆ ಒಮ್ಮತವಿಲ್ಲದ ಕಾರಣ, ಕಾಫಿಯವನು ಮುಂದಕ್ಕೂ ಕಸ ಗುಡಿಸುವಾಕೆ ಹಿಂದಕ್ಕೂ ಕೈತೋರಿಸಲು, ಪ್ರಯಾಣಿಕನು ಜಮೀನು ಅಳೆಯುವ ಸರ್ವೆಯರನಂತೆ ಎರಡು ಸುತ್ತು ಹಾಕುತ್ತಾನೆ. ಎತ್ತರದ ಪ್ಲಾಟ್‌ಫಾರಂ ಹಳಿಮಟ್ಟದಿಂದ 760ರಿಂದ 840 ಮಿಲಿಮೀಟರ್ ಇದ್ದರೆ, ಬೋಗಿಯ ನೆಲ ಅದಕ್ಕೂ ಒಂದಡಿಗಿಂತ ಹೆಚ್ಚು ಮೇಲಿರುವುದರಿಂದ, ಬಾಗಿಲನ್ನು ಎಷ್ಟೇ ಅಗಲ ಮಾಡಿದರೂ ಅದು ಗೋಡೆಗೆ ತೂಗುಹಾಕಿದ ಪಟದಂತೆ ನೋಡಲಿಕ್ಕಷ್ಟೇ ಸೊಗಸು. ಆಗ ‘ಹಿಡ್ಕಳ್ರುಲಾ’ ಎಂಬ ಮಂಡ್ಯದ ಮಂತ್ರ, ಎಂದರೆ ‘ಎಲ್ಲರೂ ಕೈ ಹಾಕಿರಪ್ಪ’ ಎಂಬ ಕರೆ, ಮೊಳಗಿ, ಗುರುತಿಲ್ಲದ ನಾಲ್ವರು ಹೆಗಲು ಕೊಡಲು, ಅವನು ಒಪ್ಪುವ ಮೊದಲೇ ಉತ್ಸವಮೂರ್ತಿಯಂತೆ ಗರ್ಭಗುಡಿ ಸೇರಿರುತ್ತಾನೆ. ಒಂದು ಚಪ್ಪಲಿ ಮಾತ್ರ ಭಕ್ತರ ನಡುವೆಯೇ ಉಳಿದಿರುತ್ತದೆ.

ಗಾಡಿ ಮದ್ದೂರು ನಿಲ್ದಾಣಕ್ಕೆ ಬಂದಾಗ, ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ಕರಿದ ಚಪ್ಪಟೆ ವಡೆಯ ಬುಟ್ಟಿ ಹೊತ್ತವನು ‘ಒಬ್ರೇ ಬಂದ್ರಾ ಸಾ?’ ಎಂದು ಮರುಗಿ, ಕೇಳದಿದ್ದರೂ ಎರಡು ಕಟ್ಟಿಕೊಡುತ್ತಾನೆ. ಮುಂದೆ ಟಿ.ಸಿ. ಬಂದು ಪ್ರಮಾಣಪತ್ರ ಓದಿ ‘ಜೊತೆಗಾರರೆಲ್ಲಿ?’ ಎಂದಾಗ, ಪ್ರಯಾಣಿಕನು ತೊಡೆಯ ಮೇಲಿನ ಎಣ್ಣೆ ಜಿನುಗುವ ಪೊಟ್ಟಣವನ್ನು ತೋರಿಸುತ್ತಾನೆ.