ಪಾಯಿಂಟ್ ಒಂದು ಹೆಂಗಸು

ಐವತ್ತೊಂದರಲ್ಲಿ ಶೇಕಡಾ ಹತ್ತು ಎಷ್ಟು? ಐದನೇ ಕ್ಲಾಸಿನ ಹುಡುಗ ಬೆರಳು ಮಡಚದೆ ಹೇಳಿಯಾನು: 5.1. ಇದೇ ಲೆಕ್ಕ ಬಿಡಿಸಲು ಪೆಸಿಫಿಕ್ ಸಾಗರದ ಸಮೋವಾ ದೇಶಕ್ಕೆ 2021ರಲ್ಲಿ ಮೂರೂವರೆ ತಿಂಗಳು, ಎರಡು ಕೋರ್ಟು, ಒಂದು ಬೀಗ ಮತ್ತು ಒಂದು ಶಾಮಿಯಾನ ಬೇಕಾದವು.

ಸಮೋವಾ ಎಂದರೆ ಎರಡು ಲಕ್ಷದ ಆಸುಪಾಸು ಜನ. ಪಾರ್ಲಿಮೆಂಟಿಗೆ 51 ಸೀಟು. ಚುನಾವಣೆಗೆ ನಿಲ್ಲಬೇಕಾದರೆ ‘ಮಟಾಯ್’ ಆಗಿರಬೇಕು, ಅಂದರೆ ಮನೆತನದ ಯಜಮಾನಿಕೆಯ ಬಿರುದು ಹೊತ್ತಿರಬೇಕು. ಯಜಮಾನರೇ ತುಂಬಿದ ಸಭೆಗೆ ಒಬ್ಬ ಮಹಾಯಜಮಾನ ಬೇಕಲ್ಲ? 1998ರಿಂದ ಆ ಕುರ್ಚಿಯಲ್ಲಿ ಕೂತಿದ್ದವರು ಪ್ರಧಾನಿ ಟುಯಿಲಾಎಪಾ.

ಈ ಟುಯಿಲಾಎಪಾ ಸಾಮಾನ್ಯ ಆಸಾಮಿಯಲ್ಲ. ರಸ್ತೆಯ ಬಲಬದಿಯಲ್ಲಿ ಓಡುತ್ತಿದ್ದ ಇಡೀ ದೇಶವನ್ನು 2009ರ ಸೆಪ್ಟೆಂಬರ್ 7ರಂದು ಎಡಕ್ಕೆ ಎಳೆದವರು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಸೆಕೆಂಡ್ ಹ್ಯಾಂಡ್ ಕಾರು ಅಗ್ಗಕ್ಕೆ ಸಿಗುತ್ತದೆ ಎಂಬುದು ಕಾರಣ. ಅಷ್ಟಕ್ಕೇ ನಿಲ್ಲಲಿಲ್ಲ. ವ್ಯಾಪಾರಕ್ಕೆ ಅನುಕೂಲವೆಂದು ದಿನರೇಖೆಯನ್ನೇ ದಾಟಿಸಿಬಿಟ್ಟರು. 2011ರ ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದ ಪ್ರಜೆಗಳು ಎದ್ದಾಗ 31ನೇ ತಾರೀಖು, ಶನಿವಾರ. ನಡುವಿನ ಶುಕ್ರವಾರ ನಾಪತ್ತೆ. ನಮ್ಮಲ್ಲಿ ಒಂದು ತಿಥಿ ಕ್ಷಯವಾಗಬೇಕಾದರೆ ಸೂರ್ಯ ಚಂದ್ರರು ಒಪ್ಪಬೇಕು. ಅಲ್ಲಿ ಸರ್ಕಾರ ಒಪ್ಪಿದರೆ ಸಾಕಾಯಿತು.

ಶುಕ್ರವಾರವನ್ನೇ ನುಂಗಿ ನೀರು ಕುಡಿದವರಿಗೆ ಒಂದು ಚುನಾವಣೆ ಯಾವ ಲೆಕ್ಕ?

ಅವರ ಪಕ್ಷದ ಹೆಸರು ಮಾನವ ಹಕ್ಕುಗಳ ರಕ್ಷಣಾ ಪಕ್ಷ. ಹೆಚ್ಚುಕಡಿಮೆ ನಲವತ್ತು ವರ್ಷ ಅದು ಮಾನವ ಹಕ್ಕುಗಳನ್ನೂ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿ ಅಧಿಕಾರವನ್ನೂ ರಕ್ಷಿಸಿಕೊಂಡು ಬಂದಿತ್ತು. ಕೋರ್ಟುಗಳ ವ್ಯವಸ್ಥೆಯನ್ನೇ ಬದಲಿಸುವ ಮಸೂದೆಗಳನ್ನು ತಂದಾಗ, ಉಪಪ್ರಧಾನಿ ಫಿಯಾಮೆ ನವೋಮಿ ಮಟಾಫಾ 2020ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಎಸೆದು ಹೊರಬಂದರು. ದೇಶದ ಮೊದಲ ಪ್ರಧಾನಿಯ ಮಗಳು, 1985ರಿಂದ ಸಂಸದೆ. ಆಗಷ್ಟೇ ಕಣ್ಣು ಬಿಟ್ಟಿದ್ದ ‘ಫಾಸ್ಟ್’ ಪಕ್ಷದ ನಾಯಕಿಯಾದರು.

2021ರ ಏಪ್ರಿಲ್ 9ರಂದು ಮತದಾನ. ಹಳೇ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ವೋಟು ಬಿತ್ತು. ಸೀಟು ಮಾತ್ರ 25. ಗೆದ್ದೇ ಗೆಲ್ಲುತ್ತೇವೆಂಬ ಗುಂಗಿನಲ್ಲಿ ಎಷ್ಟೋ ಕ್ಷೇತ್ರಗಳಲ್ಲಿ ಒಂದೇ ಪಕ್ಷದ ಇಬ್ಬರು ಮೂವರು ನಿಂತು ಒಬ್ಬರ ವೋಟನ್ನು ಇನ್ನೊಬ್ಬರು ಉಂಡಿದ್ದರು. ಮದುವೆ ಮನೆಯಲ್ಲಿ ಬೀಗರಿಗಿಂತ ಮೊದಲೇ ಮನೆಯವರೇ ಪಂಕ್ತಿಯಲ್ಲಿ ಕೂತ ಹಾಗೆ. ಫಾಸ್ಟ್ ಪಕ್ಷಕ್ಕೂ 25. ಉಳಿದ ಒಂದು ಸೀಟು ಪಕ್ಷೇತರನದು.

ತಕ್ಕಡಿ ಸಮ. ಆ ಪಕ್ಷೇತರ ಮಹಾಶಯ ಯಾವ ತಟ್ಟೆಗೆ ಕಾಲಿಡುತ್ತಾನೆಂದು ಊರೆಲ್ಲ ಉಸಿರು ಬಿಗಿಹಿಡಿದಿರುವಾಗ, ಆತ ಬಾಯಿ ಬಿಡುವ ಹಿಂದಿನ ರಾತ್ರಿ ಚುನಾವಣಾ ಆಯುಕ್ತರಿಗೆ ಗಣಿತ ನೆನಪಾಯಿತು.

ಸಂವಿಧಾನದ ಪ್ರಕಾರ ಸಭೆಯಲ್ಲಿ ಶೇಕಡಾ ಹತ್ತರಷ್ಟಾದರೂ ಮಹಿಳೆಯರಿರಬೇಕು. ಗೆದ್ದವರು ಐವರು. ಬೇಕಾದದ್ದು 5.1. ಹಾಗಾದರೆ ಪಾಯಿಂಟ್ ಒಂದು ಹೆಂಗಸು ಕಡಿಮೆ! ಪಾಯಿಂಟ್ ಒಂದು ಹೆಂಗಸನ್ನು ಎಲ್ಲಿಂದ ತರುವುದು? ಕತ್ತರಿಸಿ ತರಲಾದೀತೆ? ಇಡಿಯಾಗಿಯೇ ತಂದರು. ಸೋತವರ ಪೈಕಿಯಿಂದ, ಆಳುವ ಪಕ್ಷದವರನ್ನೇ. 25 ಇದ್ದದ್ದು ಬೆಳಗಾಗುವುದರೊಳಗೆ 26. ಮರುದಿನ ಪಕ್ಷೇತರ ಫಿಯಾಮೆ ಕಡೆ ವಾಲಿದರು. 26ಕ್ಕೆ 26.

ಆ ಕಾನೂನಿನ ವಾಕ್ಯವನ್ನು ಸ್ವಲ್ಪ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಶೇಕಡಾ ಹತ್ತು ಎಂದು ಬರೆದವರು, ಯಾರಿಗೂ ಅನುಮಾನ ಬಾರದಿರಲೆಂದು, ಆ ಹತ್ತೆಂದರೆ ಸದ್ಯಕ್ಕೆ ಐದು ಎಂದೂ ಸೇರಿಸಿದ್ದರು. ಬರೆದಾಗ ಇದ್ದದ್ದು 49 ಸೀಟು, 4.9 ಎಂದರೆ ಐದೇ ತಾನೆ? ಆಮೇಲೆ ಸೀಟು 51 ಆಯಿತು, ಐದು ಐದಾಗಿಯೇ ಉಳಿಯಿತು. ಇಡೀ ಕಾನೂನಿನಲ್ಲಿ ಅನುಮಾನ ಹುಟ್ಟಿಸಿದ್ದು ಅನುಮಾನ ಬಾರದಿರಲೆಂದು ಬರೆದ ಆ ನಾಲ್ಕು ಮಾತು ಮಾತ್ರ.

ಹೀಗೆ ಮಹಿಳೆಯರ ಮೇಲೆ ಒಮ್ಮೆಗೇ ಉಕ್ಕಿದ ಅಕ್ಕರೆಯಿಂದ, ದೇಶದ ಮೊದಲ ಮಹಿಳಾ ಪ್ರಧಾನಿಯನ್ನು ತಡೆಯುವ ಏರ್ಪಾಡಾಯಿತು. ಮಹಿಳಾ ಮೀಸಲಾತಿಗೆ ಇಷ್ಟು ನಿಷ್ಠೆ ತೋರಿದ ಗಂಡಸರು ಬೇರೆಲ್ಲೂ ಸಿಗಲಾರರು.

ಸಮಬಲ ಆಯಿತಲ್ಲ, ಇನ್ನೊಮ್ಮೆ ಚುನಾವಣೆ ಮಾಡೋಣ ಎಂದರು ರಾಷ್ಟ್ರಾಧ್ಯಕ್ಷರು; ಮೇ 21ಕ್ಕೆ ದಿನ ಗೊತ್ತಾಯಿತು. ಮಗ್ಗಿ ತಪ್ಪಿದರೆ ಸ್ಲೇಟನ್ನೇ ಒರೆಸುವ ಕ್ರಮ. ಮೇ 17ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡನ್ನೂ ಹೊಡೆದುಹಾಕಿತು: ಆರನೇ ಹೆಂಗಸೂ ಇಲ್ಲ, ಎರಡನೇ ಚುನಾವಣೆಯೂ ಇಲ್ಲ. ಮತದಾನವಾದ 45 ದಿನದೊಳಗೆ ಸಭೆ ಸೇರಲೇಬೇಕು. ಮೇ 24 ಕೊನೇ ದಿನ. ರಾಷ್ಟ್ರಾಧ್ಯಕ್ಷರು ಸಭೆ ಕರೆದರು. ಶನಿವಾರ ರಾತ್ರಿ ಅದನ್ನು ತಡೆಹಿಡಿದರು. ಕಾರಣ ಆಮೇಲೆ ಹೇಳುತ್ತೇನೆಂದರು. ಭಾನುವಾರವೆಂದರೆ ಚರ್ಚು, ಊಟ, ನಿದ್ದೆ ಎನ್ನುವ ದೇಶದಲ್ಲಿ ನ್ಯಾಯಾಧೀಶರು ಭಾನುವಾರವೇ ಕೂತು ಆ ತಡೆಯನ್ನೂ ತೆಗೆದರು.

ಸೋಮವಾರ ಬೆಳಿಗ್ಗೆ ರಾಜಧಾನಿ ಆಪಿಯಾದ ಪಾರ್ಲಿಮೆಂಟ್ ಭವನ. ಮುಖ್ಯ ನ್ಯಾಯಮೂರ್ತಿಗಳು ವಿಗ್ಗು, ನಿಲುವಂಗಿ ಸಮೇತ ಗಂಭೀರವಾಗಿ ನಡೆದು ಬಾಗಿಲ ತನಕ ಬಂದರು. ಬಾಗಿಲಿಗೆ ಬೀಗ. ದೇಶದ ಅತಿ ದೊಡ್ಡ ನ್ಯಾಯಪೀಠ, ಮನೆಯೊಡತಿ ಸಂತೆಗೆ ಹೋದಾಗ ಬಂದ ನೆಂಟನ ಹಾಗೆ, ಬಾಗಿಲು ನೋಡಿ ಹಿಂದಿರುಗಿತು. ಆ ಭವನ ಕಟ್ಟಿದ್ದು ಆಸ್ಟ್ರೇಲಿಯಾದ ನೆರವಿನಿಂದ. ಬೀಗ ಹಾಕಿದ್ದು ಮಾತ್ರ ಸ್ವಾವಲಂಬನೆಯಿಂದ.

ಫಿಯಾಮೆ ಕಡೆಯವರು ಎದುರಿನ ಹುಲ್ಲುಹಾಸಿನಲ್ಲಿ ಶಾಮಿಯಾನ ಹಾಕಿಸಿದರು. ಸಂಜೆ ಅಲ್ಲೇ ಪ್ರಮಾಣವಚನ. ತಾನು ದೇವರೇ ನೇಮಿಸಿದ ಪ್ರಧಾನಿ ಎಂದು ಸಾರಿದ್ದ ಟುಯಿಲಾಎಪಾ, ಇದು ದೇಶದ್ರೋಹವೆಂದು ಗುಡುಗಿದರು. ಡೇರೆಯಲ್ಲೂ ಸರ್ಕಾರ ಹುಟ್ಟುವುದುಂಟೇ ಎಂದು ಮೂಗು ಮುರಿದರು.

ಬೇರೆ ಯಾರಾದರೂ ಕೇಳಿದ್ದರೆ ಕ್ಷಮಿಸಬಹುದಿತ್ತು. ಸಮೋವಾದವರ ಸಾಂಪ್ರದಾಯಿಕ ಮನೆಗೆ ‘ಫಾಲೆ’ ಎನ್ನುತ್ತಾರೆ. ಸುತ್ತ ಕಂಬ, ಮೇಲೆ ಸೂರು, ಅಷ್ಟೇ. ಗೋಡೆಯಿಲ್ಲ, ಬಾಗಿಲಿಲ್ಲ. ಮಳೆ ಎರಚಿದರೆ ತೆಂಗಿನಗರಿಯ ತಡಿಕೆ ಇಳಿಬಿಟ್ಟರಾಯಿತು. ಊರಿನ ಪಂಚಾಯ್ತಿ ಸೇರುವುದು ಅಲ್ಲೇ. ಯಾವ ಮಟಾಯ್ ಯಾವ ಕಂಬಕ್ಕೆ ಒರಗಿ ಕೂರಬೇಕೆಂಬುದೂ ಅಂತಸ್ತಿನ ಪ್ರಕಾರ ನಿಗದಿ. ಒಳಗಿನ ಮಾತು ದಾರಿಹೋಕನಿಗೂ ಕೇಳಬೇಕು. ಹಾಗೆ ನೋಡಿದರೆ ಅಂದು ಅಜ್ಜಂದಿರ ರಿವಾಜಿನಂತೆ ನಡೆದದ್ದು ಶಾಮಿಯಾನದ ಕೆಳಗೆ. ಅನ್ಯದೇಶದ್ದಾಗಿ ಕಂಡದ್ದು ಬೀಗ.

ಜುಲೈ 23ರಂದು ಮೇಲ್ಮನವಿ ಕೋರ್ಟು ಶಾಮಿಯಾನದ ಸರ್ಕಾರವೇ ಸರ್ಕಾರ ಎಂದಿತು. ಅದೇ ಕೋರ್ಟು ಅದಕ್ಕೂ ಮೊದಲೇ 5.1 ಎಂದರೆ ಆರೇ ಸರಿ, ಆದರೆ ಉಪಚುನಾವಣೆಗಳೆಲ್ಲ ಮುಗಿದ ಮೇಲೆ ಎಣಿಸಿ ಎಂದಿತ್ತು. ಲೆಕ್ಕ ಸರಿಯಿತ್ತು, ಮುಹೂರ್ತ ತಪ್ಪಿತ್ತು. ಪಕ್ಷೇತರರು ಉಪಪ್ರಧಾನಿಯಾದರು; ಅವರ ಗಣಿತದಲ್ಲಿ ಲೆಕ್ಕವೂ ಸರಿ, ಮುಹೂರ್ತವೂ ಸರಿ.

ಇಲ್ಲಿಗೆ ಮುಗಿಸಿ ಮಂಗಳ ಹಾಡಬಹುದಿತ್ತು. ಆದರೆ ಸೆಪ್ಟೆಂಬರ್ 14ರಂದು ಹೊಸ ಸರ್ಕಾರದ ಮೊದಲ ಅಧಿವೇಶನ. ಟುಯಿಲಾಎಪಾ ಮತ್ತು ಸಂಗಡಿಗರು ಸಭೆಗೆಂದು ಹೊರಟರು. ಪೊಲೀಸರು ದಾರಿಯಲ್ಲೇ ತಡೆದರು: ನಿಮ್ಮ ಪ್ರಮಾಣವಚನ ಆಗಿಲ್ಲ. ಮತ್ತೆ ಕೋರ್ಟು, ಮತ್ತೆ ಆದೇಶ, ಆಮೇಲೆ ಪ್ರಮಾಣ. ಮೇ ತಿಂಗಳಲ್ಲಿ ಹೊರಗೆ ನಿಂತವರು ಸೆಪ್ಟೆಂಬರಿನಲ್ಲಿ ಒಳಗಿದ್ದರು, ಒಳಗಿದ್ದವರು ಹೊರಗೆ.

2025ರಲ್ಲಿ ಫಿಯಾಮೆ ಅವರ ಪಕ್ಷವೇ ಒಡೆದು, ಬಜೆಟ್ ಬಿದ್ದು, ಅವಧಿಗೆ ಮೊದಲೇ ಚುನಾವಣೆ ಬಂತು. ಫಾಸ್ಟ್ ಪಕ್ಷ ಅವರನ್ನು ಬಿಟ್ಟು ಗೆದ್ದಿತು. ಅವರ ಹೊಸ ಪಕ್ಷಕ್ಕೆ ಸಿಕ್ಕಿದ್ದು ಮೂರೇ ಸೀಟು. ಯಾರು ಗೆದ್ದರೆಂದು ತಿಳಿಯಲು ಯಾವ ಆಯುಕ್ತರೂ ರಾತ್ರಿ ಕೂತು ಎಣಿಸಬೇಕಾಗಲಿಲ್ಲ.

ಅಧಿಕಾರದಲ್ಲಿ ಇರುವವರಿಗೆಲ್ಲ ಬೀಗ ಹಾಕುವ ಕೈ ತುರಿಸುವುದು ಸಹಜ. ಅದನ್ನು ಬಲ್ಲ ಸಮೋವಾದ ಹಿರಿಯರು ಗೋಡೆಯೇ ಇಲ್ಲದ ಪಂಚಾಯ್ತಿ ಮನೆ ಕಟ್ಟಿದ್ದರು. ಮೊಮ್ಮಕ್ಕಳು ನೆರವು ಪಡೆದು ಬಾಗಿಲು ಇಡಿಸಿಕೊಂಡರು.